ಬಂಡೀಪುರದ ಹಾದಿಯಲ್ಲಿ

ಮೈಸೂರಿಗೆ ಹೋದವರು ಸುತ್ತೂರು ಶ್ರೀಮಠದ ದರ್ಶನ ಮುಗಿಸಿ, ನಂಜನಗೂಡು ನೋಡಿ, ಬಂಡೀಪುರದ ಕಾಡು ಹಾಯ್ದು, ರಾತ್ರಿಯ ಊಟದ ಹೊತ್ತಿಗೆ ಉದಕಮಂಡಲ ಸೇರಬೇಕೆಂದು ಯೋಜಿಸುವುದು ನಮ್ಮ ಕಡೆಯ ಶರಣಬಂಧುಗಳಲ್ಲಿ ಸಾಮಾನ್ಯ. ಧಾರವಾಡದಿಂದ ಹೊರಟ ನಾವೂ ಹಾಗೆಯೇ ಯೋಜಿಸಿದ್ದೆವು. ಮೈಸೂರಿನಲ್ಲಿ ಬಾಡಿಗೆಗೆ ಗೊತ್ತುಮಾಡಿದ ವಾಹನದ ಚಾಲಕರು ನಮ್ಮ ಚೀಟಿಯನ್ನು ಓದಿ, “ಒಂಬತ್ತಕ್ಕೆ ಗೇಟು ಹಾಕ್ತಾರೆ ಸಾರ್. ಆಮೇಲೆ ಬೆಳಿಗ್ಗೆ ಆರಕ್ಕೇ ಬಿಡೋದು” ಎಂದು ಅದನ್ನು ಹಿಂದಕ್ಕೆ ಕೊಟ್ಟರು.

ಗುಂಡ್ಲುಪೇಟೆಯಲ್ಲಿ ಹೆದ್ದಾರಿ ಕವಲೊಡೆದು, ಒಂದು ಉದಕಮಂಡಲಕ್ಕೂ ಇನ್ನೊಂದು ಕೇರಳದ ಸುಲ್ತಾನ್ ಬತ್ತೇರಿಗೂ ಹೋಗುತ್ತದೆ. ಎರಡೂ ಕಾಡನ್ನು ಸೀಳಿಕೊಂಡೇ ಹೋಗಬೇಕು. ರಾತ್ರಿಯ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವನ್ನು ನಿಷೇಧಿಸಲಾಯಿತು. 2010ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ತುರ್ತು ವಾಹನಗಳಿಗೂ ಕೆಲವೇ ಬಸ್ಸುಗಳಿಗೂ ಮಾತ್ರ ವಿನಾಯಿತಿ. ಮೊದಲು ನಮಗೂ ಬೇಸರವಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಸುತ್ತೂರಿನಲ್ಲಿ ಪ್ರಸಾದ ಸ್ವೀಕರಿಸಿ ಕಪಿಲೆಯ ದಂಡೆಯಲ್ಲಿ ಕುಳಿತಾಗ, ಅವಸರದಿಂದ ಓಡಿ ಹೋಗಿ ನೋಡಬೇಕಾದುದೇನಿದೆ ಎನ್ನಿಸಿತು. ಉದಕಮಂಡಲವನ್ನು ಕೈಬಿಟ್ಟೆವು. ನಂಜನಗೂಡಿನಲ್ಲಿ ರಸಬಾಳೆ ಕೇಳಿ, ಸಿಕ್ಕ ಏಲಕ್ಕಿ ಬಾಳೆಯನ್ನೇ ಕೊಂಡು, ಗುಂಡ್ಲುಪೇಟೆಯಲ್ಲಿ ತಂಗಿದೆವು.

ಅಲ್ಲಿ ಮತ್ತೊಂದು ತೊಡಕು ಕಾದಿತ್ತು. ಅರಣ್ಯ ಇಲಾಖೆಯ ಸಫಾರಿ ಮುಂಜಾನೆಯೇ ಹೊರಡುತ್ತದೆ. ನಮ್ಮ ಅವ್ವನ ಲಿಂಗಪೂಜೆಗೆ ಒಂದು ತಾಸಾದರೂ ಬೇಕು. ಪೂಜೆಯಾಗದೆ ಆಕೆ ಬಾಯಿಗೆ ನೀರೂ ಹಾಕಳು. “ಒಂದ ದಿನ ತಡಾ ಆದ್ರ ಏನಾತಬೇ?” ಎಂದ ತಮ್ಮ. “ಕಾಡು ಎಲ್ಲಿ ಓಡಿ ಹೋಕ್ಕೈತಿ? ನೀವು ಹೋಗ್ರಿ, ನಾ ಇಲ್ಲೇ ಇರ್ತೀನಿ” ಎಂದಳು ಅವ್ವ. ಇಬ್ಬರೂ ಸಿಟ್ಟಿನಲ್ಲಿ ಮಲಗಿದರು. ಕೊನೆಗೆ ತಮ್ಮ ಮಕ್ಕಳನ್ನು ಕರೆದುಕೊಂಡು ಸಫಾರಿಗೆ ಹೋದ. ನಾವು ಅವ್ವನೊಡನೆ ಉಳಿದೆವು. ಚಾಲಕರು ಅವರನ್ನು ಮೇಲುಕಾಮನಹಳ್ಳಿಯಲ್ಲಿ ಇಳಿಸಿ ಬರುವಷ್ಟರಲ್ಲಿ ಪೂಜೆ ಮುಗಿದು, ಖಡಕ್ ರೊಟ್ಟಿಯ ಗಂಟು ಬಿಚ್ಚಿತ್ತು. (ನಾವು ಹೋದ ಮೇಲೆ, 2025ರ ನವೆಂಬರಿನಲ್ಲಿ, ಕಾಡಂಚಿನ ರೈತರು ಹುಲಿಗೆ ಬಲಿಯಾದಾಗ ಇಲ್ಲಿಯೂ ನಾಗರಹೊಳೆಯಲ್ಲಿಯೂ ಸಫಾರಿಯನ್ನು ನಿಲ್ಲಿಸಲಾಯಿತು. ಹೋಗುವವರು ಮುಂಚಿತವಾಗಿ ವಿಚಾರಿಸಿಕೊಂಡೇ ಹೊರಡಬೇಕು.)

ಮಕ್ಕಳು ಹುಲಿಯನ್ನು ಕಂಡಿರಲಿಲ್ಲ. ಸೀಳುನಾಯಿಗಳ ಹಿಂಡನ್ನು ಕಂಡು ಬಂದಿದ್ದರು. ಅವರನ್ನು ಹತ್ತಿಸಿಕೊಂಡು ಮುಂದೆ ಸಾಗಿದೆವು. 1931ರಲ್ಲಿ ಮೈಸೂರು ಅರಸರು 90 ಚದರ ಕಿಲೋಮೀಟರಿನಷ್ಟು ಕಾಡನ್ನು ಇಲ್ಲಿ ಅಭಯಾರಣ್ಯವಾಗಿ ಮೀಸಲಿಟ್ಟರು. 1973ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. ಇಂದು ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 874 ಚದರ ಕಿಲೋಮೀಟರು. ಅದು ಬೇಸಿಗೆಯ ಆರಂಭ. ತೇಗ, ದಿಂಡಿಗ, ಮತ್ತಿ ಮರಗಳು ಎಲೆಯುದುರಿಸಿ ನಿಂತಿದ್ದವು. ಹಸಿರು ಬೇಕೆನ್ನುವವರು ಮಳೆಗಾಲದಲ್ಲಿ ಬರಲಿ. ಪ್ರಾಣಿಗಳನ್ನು ಕಾಣಬೇಕೆನ್ನುವವರಿಗೆ ಈ ಬೋಳು ಕಾಡೇ ಒಳ್ಳೆಯದು. ಕಾಳ್ಗಿಚ್ಚಿನ ಕಾಲವೂ ಇದೇ. 2019ರ ಫೆಬ್ರುವರಿಯಲ್ಲಿ ಇಲ್ಲಿ ಸಾವಿರಾರು ಎಕರೆ ಸುಟ್ಟುಹೋಯಿತು.

ವಾಹನದ ಮುಂಭಾಗದಲ್ಲಿ ಹುಲಿಯೇರಿದ ಮಲೆ ಮಹದೇಶ್ವರರ ಸಣ್ಣ ಪಟವಿತ್ತು. ಮಾದಪ್ಪನ ಬೆಟ್ಟವೂ ಇದೇ ಚಾಮರಾಜನಗರ ಜಿಲ್ಲೆಯದು. ಹುಲಿ ಕಾಣಲಿಲ್ಲವೆಂದು ಮುಖ ಊದಿಸಿಕೊಂಡ ಮೊಮ್ಮಗನಿಗೆ ಅವ್ವ ಆ ಪಟವನ್ನು ತೋರಿಸಿದಳು.

ಬಂಡೀಪುರದ ಬಳಿ ರಸ್ತೆಯ ಅಂಚಿನಲ್ಲಿ ಮಂಗಗಳ ಗುಂಪೊಂದು ಕುಳಿತಿತ್ತು. ತಾಯಿಯ ಹೊಟ್ಟೆಗೆ ಅಂಟಿಕೊಂಡ ಮರಿಯನ್ನು ನೋಡಿ ಅವ್ವನ ಕೈ ತಾನಾಗಿಯೇ ಬಾಳೆಹಣ್ಣಿನ ಚೀಲಕ್ಕೆ ಹೋಯಿತು. ಚಾಲಕರು ಗಾಜು ಏರಿಸಿದರು. “ಹಸದದ್ದಕ್ಕ ಕೊಡೂದು ದಾಸೋಹ ಅಲ್ಲೇನಪಾ? ಇವಕ್ಕ ಯಾಕ ಬ್ಯಾಡ?” ಎಂದು ಆಕೆ ನೊಂದು ಕೇಳಿದಳು. “ಅಮ್ಮಾ, ಇವತ್ತು ನೀವು ಕೊಡ್ತೀರ. ನಾಳೆ ಪ್ರತಿ ಗಾಡಿಗೂ ಅಡ್ಡ ಬರ್ತವೆ. ಮರೀನ ಎಷ್ಟು ಸಲ ರಸ್ತೆ ಮೇಲೆ ನೋಡಿದೀನಿ” ಎಂದರು ಅವರು. ನಿಯಮವೂ ಹಾಗೆಯೇ ಇದೆ: ಕಾಡಿನ ರಸ್ತೆಯಲ್ಲಿ ನಿಲ್ಲುವಂತಿಲ್ಲ, ತಿನ್ನಿಸುವಂತಿಲ್ಲ. ಅವ್ವ ಬಹಳ ಹೊತ್ತು ಮಾತನಾಡಲಿಲ್ಲ. ಜಿಂಕೆಗಳ ಹಿಂಡು ಬಂದಾಗಲೂ ಸುಮ್ಮನಿದ್ದಳು.

ತಮಿಳುನಾಡಿನ ಗಡಿಯಾದ ಕೆಕ್ಕನಹಳ್ಳದವರೆಗೆ ಹೋಗಿ ಹಿಂದಿರುಗಿದೆವು. ದಾರಿಯಲ್ಲಿ ಆನೆಯೊಂದು ಮರಿಯನ್ನು ಕಾಲ ನಡುವೆ ಇರಿಸಿಕೊಂಡು ನೆರಳಿನಲ್ಲಿ ನಿಂತಿತ್ತು. ಚಾಲಕರು ಹಾರನ್ ಮಾಡದೆ, ನಿಲ್ಲಿಸದೆ, ವೇಗ ತಗ್ಗಿಸಿ ದಾಟಿಸಿದರು. ಎಣಿಸಿದರೆ ಹತ್ತು ಕ್ಷಣ. “ಸಾಕು, ಕಂಡಿತು” ಎಂದಳು ಅವ್ವ.

ಮಧ್ಯಾಹ್ನ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡಕ್ಕೆ ಬಂದೆವು. 1,454 ಮೀಟರ್ ಎತ್ತರದ ಬೆಟ್ಟವೂ ಉದ್ಯಾನದೊಳಗೇ ಇರುವುದರಿಂದ ಖಾಸಗಿ ವಾಹನಗಳು ಕೆಳಗೇ ನಿಲ್ಲಬೇಕು; ಮೇಲಕ್ಕೆ ಸಾರಿಗೆ ಸಂಸ್ಥೆಯ ಬಸ್ಸುಗಳು ಮಾತ್ರ. ಸಾಲು ಉದ್ದವಿತ್ತು, ಬಿಸಿಲು ಜೋರಾಗಿತ್ತು, ಕೂಸುಗಳು ಅಳುತ್ತಿದ್ದವು. ಅವ್ವ ಚೀಲ ತೆಗೆದುಕೊಂಡು ಸಾಲಿನ ತುದಿಯಿಂದ ಹಂಚತೊಡಗಿದಳು. ಮೊದಲನೆಯ ಹಣ್ಣನ್ನು ಚಾಲಕರಿಗೇ ಕೊಟ್ಟಳು. ಬಸ್ಸು ಬರುವ ಹೊತ್ತಿಗೆ ನಮ್ಮ ಪಾಲಿಗೆ ಒಂದೂ ಉಳಿದಿರಲಿಲ್ಲ.