ಮರ ಸೋತದ್ದು ಎಲ್ಲಿ?

ಮರದ ಹಡಗನ್ನು ಕಬ್ಬಿಣ ಮೂಲೆಗೆ ತಳ್ಳಿದ್ದು ಮರ ಕೊಳೆಯುತ್ತದೆ ಎಂಬ ಕಾರಣಕ್ಕೆ ಅನ್ನುವವರೇ ಹೆಚ್ಚು. ಆದರೆ 1817ರಲ್ಲಿ ಮುಂಬೈಯಲ್ಲಿ ವಾಡಿಯಾ ಮನೆತನದವರು ತೇಗದಲ್ಲಿ ಕಟ್ಟಿದ ಟ್ರಿಂಕೋಮಲಿ ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ. ಮರ ಸೋತದ್ದು ಉದ್ದದಲ್ಲಿ. ಹಲಗೆಗೆ ಹಲಗೆ ಜೋಡಿಸಿದ ಒಡಲು ನೂರು ಮೀಟರಿನ ಹತ್ತಿರ ಬಂದರೆ ಅಲೆಗೆ ಬಳುಕಿ ಸಂದು ಬಿಡುತ್ತದೆ. 1909ರ ಅಮೆರಿಕದ ವಯೋಮಿಂಗ್ ಎಂಬ ಮರದ ಹಡಗಿಗೆ ಕಬ್ಬಿಣದ ಪಟ್ಟಿ ಬಿಗಿದರೂ ಒಳಗೆ ಪಂಪು ಓಡುತ್ತಲೇ ಇರಬೇಕಿತ್ತು, 1924ರಲ್ಲಿ ಮುಳುಗಿತು.

ಹುಳುವಿನ ಕಾಟವೋ ಎಂದರೆ, ಹೌದು, ಹಡಗುಹುಳು ಮರವನ್ನು ಜರಡಿ ಮಾಡುತ್ತದೆ. ಅದಕ್ಕೆ ತಾಮ್ರದ ತಗಡು ಹೊದಿಸುವ ಮದ್ದು 18ನೇ ಶತಮಾನದಲ್ಲೇ ಸಿಕ್ಕಿತ್ತು. ಆ ಮದ್ದು ಕಬ್ಬಿಣಕ್ಕೆ ಒಗ್ಗದು: ಉಪ್ಪುನೀರಿನಲ್ಲಿ ಎರಡೂ ತಾಕಿದರೆ ಸವೆಯುವುದು ಕಬ್ಬಿಣವೇ. ತಗಡಿಲ್ಲದಿದ್ದರೆ ಪಾಚಿ, ಚಿಪ್ಪುಜೀವಿ ಮೆತ್ತಿ ವೇಗ ಕುಸಿಯುತ್ತಿತ್ತು. ಚಹಾ ಹೊರುವ ಅವಸರದ ಕಟ್ಟಿ ಸಾರ್ಕ್ ಹಡಗಿಗೆ 1869ರಲ್ಲಿ ಕಬ್ಬಿಣದ ಹಂದರ, ಮರದ ಹಲಗೆ, ಮೇಲೆ ತಾಮ್ರ-ಸತುವಿನ ತಗಡು ಹಾಕಿದ್ದು ಇದಕ್ಕೇ. ಈ ಬೆರಕೆಯನ್ನು ಹಳತು ಹೊಸತರ ನಡುವಿನ ಮೆಟ್ಟಿಲು ಅಂತ ಸರಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಆ ಕೆಲಸಕ್ಕೆ ಆಗ ತಕ್ಕುದಾದದ್ದು ಅದೇ. ಕಟ್ಟಿ ಸಾರ್ಕ್ ನೀರಿಗಿಳಿದ ತಿಂಗಳಲ್ಲೇ ಸೂಯೆಜ್ ಕಾಲುವೆ ತೆರೆದು ಚಹಾ ಉಗಿಹಡಗಿನ ಪಾಲಾಗತೊಡಗಿತು, ಅದು ಬೇರೆ ಕತೆ.