ಹಂಡೆಯ ಮೊದಲ ನೀರು

ಕೋಲಾರ ಸೀಮೆಯಲ್ಲಿ ನೀರಿನ ಮಾತೆತ್ತಿದರೆ ಜನ ಮೊದಲು ಬೋರ್‌ವೆಲ್ಲಿನ ಆಳ ಹೇಳುತ್ತಾರೆ, ಆಮೇಲೆ ಬೆಂಗಳೂರಿನಿಂದ ಸಂಸ್ಕರಿಸಿ ಹರಿಸುವ ಕೆ.ಸಿ. ವ್ಯಾಲಿ ನೀರು ಯಾವ ಕೆರೆಗೆ ಬಂತು, ಯಾವ ಕೆರೆಗೆ ಬರಲಿಲ್ಲ ಎಂಬ ಲೆಕ್ಕ. ಬಚ್ಚಲುಮನೆಯ ಸರದಿ ಬರುವುದೇ ಇಲ್ಲ. ನನಗೆ ಆ ಬಚ್ಚಲುಮನೆಯ ಬಗ್ಗೆಯೇ ಮಾತಾಡಬೇಕೆನಿಸಿದೆ.

ಇಲ್ಲಿನ ಹಂಡೆಯ ಒಲೆ ಊರಿನ ಬೆಳೆಯನ್ನು ಹೇಳಿಬಿಡುತ್ತದೆ. ಮಾಲೂರಿನ ಕಡೆ ನೀಲಗಿರಿ ಸೌದೆ, ಶ್ರೀನಿವಾಸಪುರದಲ್ಲಿ ಮಾವಿನ ತೋಪಿನ ಒಣಕೊಂಬೆ, ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ. ಈ ಕಡ್ಡಿ ಧಗ್ಗನೆ ಹತ್ತಿ ಬೇಗ ಆರುತ್ತದೆ, ಪಕ್ಕದಲ್ಲೇ ಕೂತು ತುರುಕುತ್ತಿರಬೇಕು. ಮೈಕೈ ನೋವೆಂದರೆ ಹಂಡೆಗೆ ಒಂದು ಹಿಡಿ ಲಕ್ಕಿ ಸೊಪ್ಪು ಬೀಳುತ್ತದೆ. ಸೊಪ್ಪಿನ ಗುಣವೆಷ್ಟು, ಬಿಸಿಯ ಗುಣವೆಷ್ಟು ಎಂದು ಯಾರೂ ಬಿಡಿಸಿ ನೋಡುವುದಿಲ್ಲ. ಹೆಚ್ಚಿನ ಪಾಲು ಬಿಸಿಯದ್ದೇ ಎಂಬುದು ನನ್ನ ಎಣಿಕೆ.

ಕೀಲುನೋವುಗಳೆಲ್ಲ ಒಂದೇ ಅಲ್ಲ. ರುಮಟಾಯ್ಡ್ ಆರ್ಥರೈಟಿಸ್ ಎಂಬುದು ವಯಸ್ಸಾಗಿ ಮಂಡಿ ಸವೆಯುವ ನೋವಲ್ಲ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಎರಡೂ ಕೈಗಳ ಬೆರಳಗೆಣ್ಣು, ಮಣಿಕಟ್ಟು ಊದುತ್ತವೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಬೆಳಗ್ಗೆ ಎದ್ದಾಗ ಬೆರಳು ಮಡಿಸಲು ಬಾರದು. ಅರ್ಧ ಗಂಟೆ, ಒಂದು ಗಂಟೆ, ಕೆಲವರಿಗೆ ಇನ್ನೂ ಹೆಚ್ಚು ಹೊತ್ತು ಕೈ ಕಟ್ಟಿಹಾಕಿದಂತಿರುತ್ತದೆ.

ಆ ಒಂದು ಗಂಟೆ ನಮ್ಮ ಹಳ್ಳಿಗಳಲ್ಲಿ ಎಂಥ ಗಂಟೆ ಎಂದು ನೆನೆಯಿರಿ. ಹಾಲು ಕರೆದು ಡೇರಿಗೆ ಹಾಕಬೇಕು. ಹುಳುವಿಗೆ ಸೊಪ್ಪು ಕೊಯ್ಯಬೇಕು. ಟೊಮೇಟೊ ಕಾಲವಾದರೆ ಮಂಡಿಗೆ ಹೋಗುವ ಬಾಕ್ಸುಗಳು ತುಂಬಬೇಕು. ರಾಗಿಮುದ್ದೆ ತೊಳಸುವ ಕೋಲಿಗೆ ಮಣಿಕಟ್ಟಿನ ಬಲವೆಲ್ಲ ಬೇಕು. ದಿನದ ಕಷ್ಟದ ಕೆಲಸವೆಲ್ಲ ಬೆರಳು ಒಲ್ಲೆನ್ನುವ ಹೊತ್ತಿಗೇ ಬಂದು ನಿಲ್ಲುತ್ತದೆ. ಮುಳಬಾಗಿಲಿನ ಕಡೆಯ ನಮ್ಮ ದೊಡ್ಡಮ್ಮ ಹೇಳುತ್ತಿದ್ದುದು ಇಷ್ಟೇ: "ಹಸು ಕಾಯಲ್ಲ ಕಣಪ್ಪ, ಕೈ ಕೇಳಲ್ಲ."

ಬಿಸಿನೀರು ನೆರವಾಗುವುದು ಇಲ್ಲಿ. ಶಾಖಕ್ಕೆ ರಕ್ತನಾಳ ಹಿಗ್ಗುತ್ತವೆ, ಬಿಗಿದ ಸ್ನಾಯು ಸಡಿಲವಾಗುತ್ತದೆ, ನೋವು ತುಸು ಹಿಂದೆ ಸರಿಯುತ್ತದೆ. ಮೈ ಮುಳುಗುವಷ್ಟು ನೀರಿದ್ದರೆ ಇನ್ನೊಂದು ಅನುಕೂಲ: ಸೊಂಟದ ಮಟ್ಟದ ನೀರಿನಲ್ಲಿ ಕಾಲಿನ ಮೇಲೆ ಬೀಳುವ ಭಾರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಇಂಗ್ಲೆಂಡಿನ ಬಾತ್ ಊರಿನಲ್ಲಿ ಬಿಸಿನೀರಿನ ಬುಗ್ಗೆಯನ್ನೇ ನಂಬಿ 1742ರಲ್ಲಿ ಆಸ್ಪತ್ರೆ ತೆರೆದರು. ನಮ್ಮ ರಾಜ್ಯದಲ್ಲಿ ಪುತ್ತೂರಿನ ಬಳಿ ಇರ್ದೆಯ ಬೆಂದ್ರ್ ತೀರ್ಥವಿದೆ. ಕೋಲಾರಕ್ಕೆ ಆ ಭಾಗ್ಯವಿಲ್ಲ. ಶತಶೃಂಗ ಬೆಟ್ಟದಲ್ಲಿ ಬಸವನ ಬಾಯಿಂದ ಬೀಳುವ ಅಂತರಗಂಗೆ ತಣ್ಣೀರು. ತೊಟ್ಟಿ ತುಂಬ ನೀರು ಚೆಲ್ಲುವ ಸ್ನಾನವೂ ಈ ಬರದ ನೆಲಕ್ಕೆ ಒಗ್ಗುವುದಲ್ಲ.

ಅಗತ್ಯವೂ ಇಲ್ಲ. ಬೆರಳ ಜಡತನಕ್ಕೆ ಒಂದು ಬೇಸಿನ್ ನೀರು ಸಾಕು. 37-38 ಡಿಗ್ರಿ, ಅಂದರೆ ಮೊಣಕೈ ಅದ್ದಿದರೆ ಹಿತವೆನಿಸಬೇಕು, ಚುರುಕ್ಕೆನ್ನಬಾರದು. ಹತ್ತು ಹದಿನೈದು ನಿಮಿಷ ಕೈ ಅದ್ದಿ, ನೀರಿನೊಳಗೇ ಮುಷ್ಟಿ ಕಟ್ಟಿ ಬಿಚ್ಚುವುದು, ಹೆಬ್ಬೆರಳಿನಿಂದ ಒಂದೊಂದೇ ಬೆರಳನ್ನು ಮುಟ್ಟುವುದು. ಆಮೇಲೆ ಒರೆಸಿಕೊಂಡು ಬೆಚ್ಚಗಿಟ್ಟುಕೊಳ್ಳಬೇಕು. ಕೀಲು ಕೆಂಪಗೆ ಊದಿ ತಾನೇ ಕಾದಿದ್ದರೆ ಅಂದು ಬಿಸಿ ಬೇಡ, ತಣ್ಣನೆಯ ಬಟ್ಟೆಯೇ ಹಿತ. ಸಕ್ಕರೆ ಕಾಯಿಲೆಯಿಂದ ಕೈಕಾಲಿನ ಸ್ಪರ್ಶ ಮಂದವಾದವರು ನೀರಿನ ಬಿಸಿಯನ್ನು ಬೇರೆಯವರಿಂದ ನೋಡಿಸಿಕೊಳ್ಳಬೇಕು.

ಎಣ್ಣೆಯ ವಿಷಯ ಹೇಳದೆ ಬಿಟ್ಟರೆ ಹಿರಿಯರು ಕೇಳುತ್ತಾರೆ. ಹರಳೆಣ್ಣೆ ತಿಕ್ಕಿ ನೀರು ಹಾಕಿದರೆ ಎಲ್ಲ ಕೀಲುನೋವೂ ಹೋಗುತ್ತದೆಂಬ ನಂಬಿಕೆ ಗಟ್ಟಿಯಾಗಿದೆ. ಆಯುರ್ವೇದವೇ ಹಾಗೆ ಹೇಳುವುದಿಲ್ಲ. ರುಮಟಾಯ್ಡ್ ಆರ್ಥರೈಟಿಸನ್ನು ಬಹುಮಟ್ಟಿಗೆ ಹೋಲುವ ಆಮವಾತದ ಮೊದಲ ಹಂತದಲ್ಲಿ ಎಣ್ಣೆ ಬೇಡವೆಂದು, ಬಿಸಿ ಮರಳಿನ ಗಂಟಿನಿಂದ ಒಣಶಾಖ ಕೊಡೆಂದು ವೈದ್ಯರು ಹೇಳುತ್ತಾರೆ.

ನೀರಿನ ಮಿತಿಯನ್ನೂ ಹೇಳಲೇಬೇಕು. ಖನಿಜ ಸ್ನಾನಗಳ ಬಗ್ಗೆ 579 ರೋಗಿಗಳ 9 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2015ರ ಕಾಕ್ರೇನ್ ವಿಮರ್ಶೆಗೆ, ಬೇರೆ ಚಿಕಿತ್ಸೆಗಳಿಗಿಂತ ಇದು ಮೇಲು ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ಬಿಸಿನೀರು ಅಂದಿನ ಬೆಳಗನ್ನು ಸುಲಭ ಮಾಡುತ್ತದೆ. ಒಳಗೆ ಎಲುಬು ಸವೆಯುವುದನ್ನು ತಡೆಯುವುದಿಲ್ಲ. ಅದನ್ನು ತಡೆಯಲು ಮೆಥೋಟ್ರೆಕ್ಸೇಟ್‌ನಂಥ ಔಷಧಿ ಬೇಕು, ಬೇಗ ಶುರುವಾಗಬೇಕು. ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮದ್ದು, ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಗರ್ಭಿಣಿಯರಿಗೆ ಅದು ಕೂಡದು.

ನಮ್ಮ ಜಿಲ್ಲೆಗೆ ಇನ್ನೊಂದು ತೊಡಕಿದೆ, ಫ್ಲೋರೈಡ್. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಆಳದ ಬೋರ್‌ವೆಲ್ಲುಗಳಲ್ಲಿ ಎಷ್ಟೋ ಕಡೆ ದಾಟಿದೆ. ವರ್ಷಗಟ್ಟಲೆ ಅದನ್ನೇ ಕುಡಿದರೆ ಬೆನ್ನು, ಕೀಲು ಬಿಗಿಯುತ್ತವೆ. ಮೊದಮೊದಲು ಅದೂ ಆರ್ಥರೈಟಿಸ್‌ನಂತೆಯೇ ಕಾಣುತ್ತದೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಮೈಮೇಲೆ ಹೊಯ್ದುಕೊಂಡರೆ ಭಯವಿಲ್ಲ, ಕುಡಿಯುವುದಕ್ಕೆ ಮಾತ್ರ ಶುದ್ಧ ನೀರಿನ ಘಟಕದಿಂದ ತನ್ನಿ. ನೋವು ಯಾವುದೆಂದು ತಿಳಿಯಲು ಕೋಲಾರದ ಜಿಲ್ಲಾಸ್ಪತ್ರೆಗೋ ಟಮಕದ ಮೆಡಿಕಲ್ ಕಾಲೇಜಿಗೋ ಹೋಗಿ ತೋರಿಸಬೇಕು. ಊದಿದ ಬೆರಳು ಆರು ವಾರ ಕಳೆದರೂ ಇಳಿಯದಿದ್ದರೆ ಇನ್ನು ಕಾಯುವುದು ಸಲ್ಲ.

ನನ್ನ ಮುಖ್ಯ ತಕರಾರು ಬೇರೆ. ನಮ್ಮ ಮನೆಗಳಲ್ಲಿ ಒಲೆ ಹಚ್ಚುವವಳು ಹೆಂಗಸು, ಸ್ನಾನಕ್ಕೆ ಕೊನೆಯವಳೂ ಅವಳೇ. ಆಫೀಸಿಗೆ ಹೋಗುವವರು, ಸ್ಕೂಲಿಗೆ ಹೋಗುವವರು ಮುಗಿಸುವ ಹೊತ್ತಿಗೆ ಹಂಡೆಯಲ್ಲಿ ಉಳಿಯುವುದು ಉಗುರುಬೆಚ್ಚಗಿನ ತಳದ ನೀರು. ಅಷ್ಟರಲ್ಲಿ ಅವಳು ಹಾಲು ಕರೆದಾಗಿದೆ, ಮುದ್ದೆ ತೊಳಸಿಯಾಗಿದೆ, ನೋವೆಲ್ಲ ತಿಂದಾಗಿದೆ. ಕಾಯಿಲೆಯವಳಿಗೆ ಬಿಸಿನೀರು ಬೇಕಾದದ್ದು ಇವೆಲ್ಲಕ್ಕೂ ಮುಂಚೆ. ಹಿಂದಿನ ರಾತ್ರಿಯೇ ಹಂಡೆ ತುಂಬಿಸಿ, ಬೆಳಗ್ಗೆ ಮಗನೋ ಗಂಡನೋ ಎದ್ದು ಒಲೆ ಹಚ್ಚಲಿ. ಹಿತ್ತಾಳೆ ಚೊಂಬು ಎತ್ತಲಾರದ ಕೈಗೆ ಹಿಡಿಯಿರುವ ಹಗುರ ಪ್ಲಾಸ್ಟಿಕ್ ಮಗ್ಗು ಕೊಡಿ. ಬಚ್ಚಲಲ್ಲಿ ಕೂರಲು ಒಂದು ಎತ್ತರದ ಸ್ಟೂಲು, ತಿರುಗಿಸುವ ನಲ್ಲಿಯ ಜಾಗದಲ್ಲಿ ತಟ್ಟಿ ತೆರೆಯುವ ನಲ್ಲಿ ಇರಲಿ. ಅವಳು ಬಚ್ಚಲಿಂದ ಬರುವವರೆಗೆ ಹಸುವಿನ ಮುಂದೆ ಬಕೆಟ್ ಹಿಡಿದು ಬೇರೆ ಯಾರಾದರೂ ಕೂರಲಿ.