ಹಳೆಯ ಗಾಡಿಯ ಪುಸ್ತಕ

ಮನೆಯ ಪತ್ರ, ಜಮೀನಿನ ಪಹಣಿ, ಒಡವೆಯ ಚೀಟಿ ಇವುಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಕಾಪಾಡುವುದು ನಮ್ಮ ಸಂಸಾರಗಳಲ್ಲಿ ನಡೆದುಬಂದ ಪದ್ಧತಿ. ಆದರೆ ಓಡದೆ ನಿಂತುಹೋದ ಹಳೆಯ ಗಾಡಿಯ ನೋಂದಣಿ ಪುಸ್ತಕವನ್ನು ಯಾರೂ ಪತ್ರವೆಂದು ಎಣಿಸುವುದಿಲ್ಲ. ಗಾಡಿಯೇ ಹೋದ ಮೇಲೆ ಅದರ ಜಾತಕದಿಂದ ಪ್ರಯೋಜನವೇನು ಎಂಬುದು ಲೋಕದ ಎಣಿಕೆ. ನಾವೂ ಕಳೆದ ವರ್ಷದವರೆಗೆ ಹೀಗೆಯೇ ತಿಳಿದಿದ್ದೆವು. ಈ ತಿಳಿವಳಿಕೆಯಿಂದ ನಮ್ಮ ಅಕ್ಕನ ಮನೆಗೆ ಬರಬಹುದಾಗಿದ್ದ ವಿಪತ್ತು ಸ್ವಲ್ಪದರಲ್ಲಿ ತಪ್ಪಿತು. ಆದಕಾರಣ ಆ ಸಂಗತಿಯನ್ನು ಗೃಹಸ್ಥರಾದ ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ನಮ್ಮ ಭಾವನವರು ಶ್ರೀರಂಗಪಟ್ಟಣದ ಸಮೀಪದ ಒಂದು ಹಳ್ಳಿಯಲ್ಲಿ ಉಪಾಧ್ಯಾಯರಾಗಿದ್ದರು. 1968 ನೆಯ ಇಸವಿಯಲ್ಲಿ ಅವರು ಕೂಡಿಟ್ಟ ಹಣದಿಂದ ಒಂದು ಜಾವಾ ಮೋಟಾರು ಸೈಕಲ್ಲನ್ನು ಕೊಂಡರು. ಆ ಗಾಡಿಗಳು ಆಗ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿಯೇ ತಯಾರಾಗುತ್ತಿದ್ದುವು. 1996 ರಲ್ಲಿ ಆ ಕಾರ್ಖಾನೆ ಮುಚ್ಚಿಹೋಯಿತು. ರಾಜ್ಯಕ್ಕೆ ಇನ್ನೂ ಮೈಸೂರೆಂಬ ಹೆಸರೇ ಇದ್ದುದರಿಂದ ಗಾಡಿಯ ನಂಬರು ಎಂ.ವೈ. ಎಂದು ಮೊದಲಾಗುತ್ತಿತ್ತು. ಅಕ್ಕನು ಮದುವೆಯಾಗಿ ಆ ಊರಿಗೆ ಹೋದುದೇ ಆ ಗಾಡಿಯ ಹಿಂದೆ ಕುಳಿತು. ಭಾವನವರು ತೀರಿಕೊಂಡು ಹತ್ತು ವರ್ಷಗಳಾದುವು. ಗಾಡಿಯ ಎಂಜಿನ್ನನ್ನು ಅವರೇ ಎಂದೋ ದುರಸ್ತಿಗೆಂದು ಬಿಚ್ಚಿಸಿ ಕೊಟ್ಟಿದ್ದರು, ಅದು ಹಿಂದಿರುಗಲಿಲ್ಲ. ಉಳಿದ ಚೌಕಟ್ಟು ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ತಿನ್ನುತ್ತಿದ್ದಿತು.

ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ಯಾವನೋ ಒಬ್ಬ ಸಭ್ಯನಂತೆ ತೋರುವ ಮನುಷ್ಯನು ಅಲ್ಲಿಗೆ ಬಂದು, ಹಳೆಯ ಜಾವಾ ಗಾಡಿಯ ಪುಸ್ತಕಕ್ಕೆ 12,000 ರೂಪಾಯಿ ಕೊಡುವುದಾಗಿ ಹೇಳಿದನು. ಮನೆಯ ಹಂಚು ಸೋರುತ್ತಿದ್ದಿತು. ಅಕ್ಕನಿಗೆ ಹಣ ಬೇಕಾಗಿದ್ದಿತು. ಅವಳು ನಮಗೆ ಹೇಳಿಕಳುಹಿಸಿದಳು. ನಾವೂ ಹೋಗಿ, ಮೊದಲು ಸಂತೋಷವನ್ನೇ ಪಟ್ಟೆವೆಂದು ಒಪ್ಪಿಕೊಳ್ಳಬೇಕು.

“ಚೌಕಟ್ಟನ್ನು ಯಾವಾಗ ಒಯ್ಯುವಿರಿ, ಸ್ವಾಮೀ?” ಎಂದು ಕೇಳಿದೆವು.

“ಅದು ನಿಮ್ಮಲ್ಲಿಯೇ ಇರಲಿ. ಪುಸ್ತಕವನ್ನು ಕೊಟ್ಟು, ಈ ಫಾರಮುಗಳಿಗೆ ಅಮ್ಮನವರ ರುಜು ಹಾಕಿಸಿದರೆ ಸಾಕು” ಎಂದನು. ಫಾರಮುಗಳಲ್ಲಿ ಕೊಳ್ಳುವವನ ಹೆಸರಿನ ಜಾಗ ಬರಿದಾಗಿದ್ದಿತು.

ಎಮ್ಮೆಯನ್ನು ಬಿಟ್ಟು ಹಗ್ಗಕ್ಕೆ ಬೆಲೆ ಕಟ್ಟುವವನನ್ನು ಕಂಡರೆ ಯಾರಿಗಾದರೂ ಸಂಶಯ ಬರಬೇಕಷ್ಟೆ. ಎರಡು ದಿನ ಅವಕಾಶ ಕೇಳಿ, ಮೋಟಾರು ವಾಹನಗಳ ಕಚೇರಿಯಲ್ಲಿ ಕೆಲಸಮಾಡಿ ನಿವೃತ್ತರಾದ ನಮ್ಮ ಸ್ನೇಹಿತರೊಬ್ಬರ ಬಳಿಗೆ ಹೋದೆವು. ಅವರು ನಕ್ಕು, ಒಳಗುಟ್ಟನ್ನು ಬಿಡಿಸಿ ಹೇಳಿದರು.

ಕದ್ದ ಗಾಡಿಗೆ, ಇಲ್ಲವೆ ಹತ್ತು ಗಾಡಿಗಳ ಬಿಡಿಭಾಗಗಳನ್ನು ಸೇರಿಸಿ ಕಟ್ಟಿದ ಗಾಡಿಗೆ ಕಾಗದಪತ್ರವಿರುವುದಿಲ್ಲ. ಅಂತಹ ಗಾಡಿಯ ಚಾಸಿಸ್ ನಂಬರನ್ನೂ ಎಂಜಿನ್ ನಂಬರನ್ನೂ ಅರದಿಂದ ಉಜ್ಜಿ ಅಳಿಸಿ, ಸತ್ತ ಗಾಡಿಯ ಪುಸ್ತಕದಲ್ಲಿರುವ ಅಂಕಿಗಳನ್ನು ಅಚ್ಚಿನಿಂದ ಹೊಡೆಯುತ್ತಾರೆ. ಅಲ್ಲಿಗೆ ಕಳ್ಳಮಾಲು ಕುಲೀನವಾಯಿತು! ಹಳೆಯ ಗಾಡಿಗಳ ಮೇಲೆ ಶ್ರೀಮಂತರಿಗೆ ಆಸೆ ಹೆಚ್ಚಿದಷ್ಟೂ ಇಂತಹ ಪುಸ್ತಕಗಳಿಗೆ ಗಿರಾಕಿ ಹೆಚ್ಚು. 2021 ರ ಜುಲೈ ತಿಂಗಳಲ್ಲಿ ಕೇಂದ್ರ ಸರಕಾರವು ಹೊರಡಿಸಿದ ನಿಯಮಗಳಂತೆ, ಮೊದಲು ನೋಂದಣಿಯಾಗಿ 50 ವರ್ಷ ಮೀರಿದ, ಮೂಲರೂಪ ಕೆಡದ ದ್ವಿಚಕ್ರ ಮತ್ತು ನಾಲ್ಕುಚಕ್ರದ ಗಾಡಿಗಳನ್ನು ವಿಂಟೇಜ್ ವಾಹನಗಳೆಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಅದರ ಅವಧಿ 10 ವರ್ಷ. ಈ ದೇಶದಲ್ಲಿ ಹಿಂದೆ ನೋಂದಣಿಯಾಗಿದ್ದ ಗಾಡಿಗಾದರೆ ಹಳೆಯ ಪುಸ್ತಕವನ್ನು ಹಾಜರುಪಡಿಸಬೇಕು. ಗೌರವವು ಹಳೆಯ ಪುಸ್ತಕಕ್ಕೆ ಬಂದಿತು. ಮೋಸಗಾರನ ಕಣ್ಣೂ ಅದರ ಮೇಲೆ ಬಿದ್ದಿತು.

“ಪುಸ್ತಕ ಹೋದರೆ ನಮಗೇನು ನಷ್ಟ?” ಎಂದೆವು.

“ಹೆಸರು ಹೋಗುವುದಿಲ್ಲವಲ್ಲ, ಅದೇ ನಷ್ಟ. ನಾಳೆ ಆ ನಂಬರಿನ ಗಾಡಿ ಯಾರಿಗಾದರೂ ಬಡಿದರೆ ಪೋಲೀಸಿನವರು ಯಾರ ಮನೆಯ ಬಾಗಿಲಿಗೆ ಬರುತ್ತಾರೆ?” ಎಂದರು. ಕಾನೂನಿನ ದೃಷ್ಟಿಯಲ್ಲಿ ಯಾರ ಹೆಸರಿನಲ್ಲಿ ನೋಂದಣಿಯಿದೆಯೋ ಅವರೇ ಒಡೆಯರು. ಮಾರಿಯಾದ ಮೇಲೂ ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರದ ಹೊಣೆ ಹಳೆಯ ಹೆಸರಿನವರ ಮೇಲೆಯೇ ನಿಲ್ಲುವುದೆಂದು ಸುಪ್ರೀಂ ಕೋರ್ಟು 2018 ರಲ್ಲಿ ತೀರ್ಪಿತ್ತಿದೆ. ಗಾಡಿ ಶಾಶ್ವತವಾಗಿ ನಿರುಪಯುಕ್ತವಾದಲ್ಲಿ, ಒಡೆಯನು 14 ದಿನಗಳೊಳಗೆ ಅಥವಾ ಆದಷ್ಟು ಬೇಗ ಅದನ್ನು ತಿಳಿಸಿ ಪುಸ್ತಕವನ್ನು ಕಚೇರಿಗೆ ಒಪ್ಪಿಸಬೇಕೆಂದು 1988 ರ ಮೋಟಾರು ವಾಹನಗಳ ಕಾಯಿದೆಯಲ್ಲಿಯೇ ಇದೆ. ಒಡೆಯನು ತೀರಿಕೊಂಡರೆ ವಾರಸುದಾರರು 30 ದಿನಗಳೊಳಗೆ ತಿಳಿಸಬೇಕು. ಓದುಬರಹ ಬಲ್ಲವರೆಂದು ಬೀಗುವ ನಾವು ಹತ್ತು ವರ್ಷ ಸುಮ್ಮನಿದ್ದೆವು!

ಹಿಂದಿರುಗಿ ಬಂದು ಅಕ್ಕನಿಗೆ ಎಲ್ಲವನ್ನೂ ಹೇಳಿದೆವು. ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಕಡೆಗೆ, “ಹಂಚು ಈ ವರ್ಷವಲ್ಲದಿದ್ದರೆ ಮುಂದಿನ ವರ್ಷ ಹೊದಿಸಬಹುದಪ್ಪ. ಅವರ ಹೆಸರನ್ನು ಕಳ್ಳರ ಕೈಗೆ ಕೊಟ್ಟು ಅದರ ಕೆಳಗೆ ಹೇಗೆ ಮಲಗಲಿ?” ಎಂದಳು. ಮೂರನೆಯ ದಿನ ಬಂದ ಆ ಮನುಷ್ಯನು ಬೆಲೆಯನ್ನು 18,000 ಕ್ಕೆ ಏರಿಸಿದನು. ಅಕ್ಕನು ಬಾಗಿಲಲ್ಲಿಯೇ ನಿಂತು ಕೈಮುಗಿದು ಕಳುಹಿಸಿಬಿಟ್ಟಳು.

ತರುವಾಯ ಮರಣಪತ್ರದೊಡನೆ ಪುಸ್ತಕವನ್ನು ಕಚೇರಿಗೆ ಒಪ್ಪಿಸಿ, ನೋಂದಣಿಯ ರದ್ದತಿಗೆ ಅರ್ಜಿ ಕೊಟ್ಟು ರಸೀದಿ ಪಡೆದೆವು. ಅಧಿಕಾರಿಗಳು ಹೇಳಿದಂತೆ ನಂಬರು ಕೆತ್ತಿದ್ದ ತುಂಡನ್ನು ಕತ್ತರಿಸಿ ಅಲ್ಲಿಗೆ ಕೊಟ್ಟೆವು. ರದ್ದಾದುದು ತಿಳಿದ ಮೇಲೆ ಮಿಕ್ಕ ಕಬ್ಬಿಣವನ್ನು ಗುಜರಿಗೆ ಹಾಕಲು ಬಂದುದು 900 ರೂಪಾಯಿ. ಹಂಚಿಗೆ ನಾವು ಒಡಹುಟ್ಟಿದವರೆಲ್ಲರೂ ಸ್ವಲ್ಪ ಸ್ವಲ್ಪ ಕೂಡಿಸಿದೆವು.

ಇನ್ನು ಹಳೆಯ ಗಾಡಿಯನ್ನು ಕೊಳ್ಳಬೇಕೆಂಬ ಹಂಬಲವುಳ್ಳವರಿಗೆ ಎರಡು ಮಾತು. ಕದ್ದ ಮಾಲನ್ನು ಎಷ್ಟು ಹಣ ಕೊಟ್ಟು ಕೊಂಡರೂ ಮಾರಿದವನಿಗಿಲ್ಲದ ಹಕ್ಕು ಕೊಂಡವನಿಗೆ ಬರುವುದಿಲ್ಲ. ನಿಜವಾದ ಒಡೆಯನು ಬಂದ ದಿನ ಗಾಡಿಯೂ ಹೋಯಿತು, ಹಣವೂ ಹೋಯಿತು. ಆದುದರಿಂದ ಬಣ್ಣಕ್ಕೆ ಮರುಳಾಗದೆ ಅಂಕಿಗಳನ್ನು ನೋಡಿರಿ. ಮಕ್ಕಳು ನಾಣ್ಯದ ಮೇಲೆ ಕಾಗದವಿಟ್ಟು ಸೀಸದಕಡ್ಡಿಯಿಂದ ಉಜ್ಜಿ ಅಚ್ಚು ತೆಗೆಯುವಂತೆ ಚಾಸಿಸ್ ನಂಬರಿನ ಅಚ್ಚು ತೆಗೆದು ಪುಸ್ತಕದೊಡನೆ ಹೋಲಿಸಿರಿ. ಅಂಕಿಗಳು ಓರೆಯಾಗಿದ್ದರೆ, ಆ ಜಾಗ ಮಾತ್ರ ತಗ್ಗಾಗಿಯೋ ಹೊಸ ಬಣ್ಣದಿಂದಲೋ ಇದ್ದರೆ, ಹಿಂದೆಗೆಯಿರಿ. ಮಾರುವವನು ತೋರಿಸುವ ನಕಲನ್ನು ನಂಬದೆ, ಮೊದಲು ನೋಂದಣಿಯಾದ ಕಚೇರಿಯಲ್ಲಿಯೇ ವಿಚಾರಿಸಿರಿ. ಹೆಸರು ಬರೆಯದ ಫಾರಮಿಗೆ ರುಜು ಹಾಕಲೂ ಬೇಡಿರಿ, ಹಾಕಿದುದನ್ನು ಕೊಳ್ಳಲೂ ಬೇಡಿರಿ.

ಗಾಡಿಯೂ ಪುಸ್ತಕವೂ ಕೂಡಿಯೇ ಕೈಬದಲಾಗಬೇಕು. ಗಾಡಿ ಅಳಿದರೆ ಪುಸ್ತಕವು ಕಚೇರಿಗೆ ಸೇರಬೇಕು. ನಮ್ಮ ಮನೆಗಳ ಅಟ್ಟದಲ್ಲಿ ಇಂತಹ ಪುಸ್ತಕಗಳು ಇನ್ನೆಷ್ಟು ಬಿದ್ದಿವೆಯೋ! ವಾಚಕರು ಈ ಹೊತ್ತೇ ಪೆಟ್ಟಿಗೆ ತೆರೆದು ನೋಡಲಿ. ಅಕ್ಕನ ಪೆಟ್ಟಿಗೆಯಲ್ಲಿ ಈಗ ಕಚೇರಿಯ ರಸೀದಿಯೂ, ಗಾಡಿಯ ಹಳೆಯ ಬೀಗದ ಕೈಯೂ ಇವೆ. ಅವೆರಡನ್ನು ಯಾರೂ ಬೆಲೆಗೆ ಕೇಳುವಂತಿಲ್ಲ.